ಒಕ್ಕಲು ಬಿಟ್ಟ ಹೊಟ್ಟೆ

ಆ ಊರಿನಲ್ಲಿ ಉಂಡು ಎದ್ದವರನ್ನು ಹೊಟ್ಟೆ ತುಂಬಿತೇ ಎಂದು ಯಾರೂ ಕೇಳುತ್ತಿರಲಿಲ್ಲ. "ಒಕ್ಕಲು ಏನಂತು?" ಎಂದು ಕೇಳುತ್ತಿದ್ದರು. ಉಂಡವನು ಒಂದು ಗಳಿಗೆ ಸುಮ್ಮನೆ ಕೂತು, ತನ್ನ ಹೊಟ್ಟೆಯ ಕಡೆ ಕಿವಿಗೊಟ್ಟು, "ಚೆನ್ನಾಗಿತ್ತು ಅಂತು" ಎಂದೋ, "ಹುಳಿ ಇನ್ನೊಂಚೂರು ಇರಬೇಕಿತ್ತು ಅಂತು" ಎಂದೋ ಹೇಳಬೇಕು. ಹೇಳಿದ ಮೇಲೆಯೇ ಕೈ ತೊಳೆಯಬೇಕು. ನಗುವುದಾದರೆ ಈಗಲೇ ನಕ್ಕುಬಿಡಿ, ಮುಂದೆ ಇನ್ನೂ ಇದೆ.

ಅಲ್ಲಿ ಪ್ರತಿಯೊಬ್ಬರ ಹೊಟ್ಟೆಯೊಳಗೂ ಒಂದೊಂದು ಊರಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಜನ, ಎಣಿಕೆಗೆ ಸಿಗದಷ್ಟು ಜನ. ಅವರಿಗೂ ಕೇರಿಗಳಿದ್ದವು, ಬೀಗತನಗಳಿದ್ದವು, ಜಗಳಗಳಿದ್ದವು, ಜಗಳ ಬಿಡಿಸುವವರಿದ್ದರು. ಹೊಟ್ಟೆ ಮನೆ, ಅವರು ಅದರ ಒಕ್ಕಲು. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಕ್ಕಲು ದನಿ ತೆಗೆಯುತ್ತಿತ್ತು. ಮಡಕೆ ಮಾಡುವವಳ ಹೊಟ್ಟೆಯದು ಒಂದು ರಾಗ, ನೇಯುವವನ ಹೊಟ್ಟೆಯದು ಇನ್ನೊಂದು ರಾಗ, ಮಕ್ಕಳ ಹೊಟ್ಟೆಗಳದು ಗುಬ್ಬಿಗಳ ಗಲಾಟೆ. ಊರಿಗೆ ಊರೇ ಗುಂಯ್ ಎನ್ನುತ್ತಿತ್ತು. ಆ ದನಿ ಕೇಳುತ್ತಾ ಕೇಳುತ್ತಾ ಎಲ್ಲರೂ ನಿದ್ದೆ ಹೋಗುತ್ತಿದ್ದರು.

ಹೊಸದಾಗಿ ಕಟ್ಟಿದ ಮನೆಗೆ ಮನೆಯೊಕ್ಕಲು ಮಾಡುತ್ತಾರಲ್ಲ, ಹಾಗೆ ಹೊಸದಾಗಿ ಹುಟ್ಟಿದ ಮಗುವಿಗೆ ಅಲ್ಲಿ ಹೊಟ್ಟೆಯೊಕ್ಕಲು ಮಾಡುತ್ತಿದ್ದರು. ಹಿರಿಯಳೊಬ್ಬಳು ಹುಳಿ ಮಜ್ಜಿಗೆಯ ಬಟ್ಟಲನ್ನು ತುಟಿಗಿಟ್ಟು ಒಂದು ಗುಟುಕು ಕುಡಿಯುವಳು. ಉಳಿದದ್ದರಲ್ಲಿ ಬೆರಳದ್ದಿ ಮಗುವಿನ ನಾಲಿಗೆಗೆ ಸವರುವಳು. ಸವರುತ್ತಾ ಹಾಡುವಳು:

ಬಾ ಒಕ್ಕಲೇ ಬಾ, ಹೊಸ ಮನೆ ಇದೆ ಬಾ,
ಬಾಗಿಲು ತೆರೆದಿದೆ ಬಾ, ಒಲೆ ಹಚ್ಚಿದೆ ಬಾ,
ಇದ್ದು ಬಾ, ಉಂಡು ಬಾ, ಬಳಗ ಕಟ್ಟಿಕೊಂಡು ಬಾ.

ಹಾಡು ಮುಗಿಯುವಷ್ಟರಲ್ಲಿ ಅವಳ ಹೊಟ್ಟೆಯ ಒಕ್ಕಲಿನಲ್ಲಿ ಒಂದು ಪಾಲು ಗಂಟುಮೂಟೆ ಕಟ್ಟಿಕೊಂಡು ಹೊಸ ಮನೆಗೆ ಹೊರಟುಬಿಡುತ್ತಿತ್ತು. ಇದಕ್ಕೆ ಒಂದೇ ಒಂದು ಕಟ್ಟಳೆ: ಹೊಟ್ಟೆ ಮಾತಾಡದವರು ಮಗುವಿನ ನಾಲಿಗೆ ಮುಟ್ಟುವಂತಿಲ್ಲ. ಆ ಊರಿನವರು ಬೇರೆ ಕಟ್ಟಳೆಗಳನ್ನು ಬೆಳಗ್ಗೆ ಮಾಡಿ ಸಂಜೆ ಮುರಿಯುವಂಥವರು. ಇದೊಂದನ್ನು ಮಾತ್ರ ಯಾರೂ ಮುರಿದಿರಲಿಲ್ಲ.

ಈ ಕಥೆ ಬೆರಳಜ್ಜಿಯದು. ಅವಳಿಗೆ ಬೇರೆ ಹೆಸರಿತ್ತೋ ಏನೋ, ಊರೂ ಮರೆತಿತ್ತು, ಅವಳೂ ಮರೆತಿದ್ದಳು. ಊರಿನ ಅರ್ಧಕ್ಕರ್ಧ ಜನರ ನಾಲಿಗೆಯ ಮೇಲೆ ಮೊದಲು ಬಿದ್ದದ್ದು ಅವಳ ಬೆರಳೇ. ತಮ್ಮ ಮನೆಯಲ್ಲಿ ಹಿರಿಯರಿದ್ದವರೂ ಅವಳನ್ನೇ ಕರೆಯುತ್ತಿದ್ದರು, ಯಾಕೆಂದರೆ ಅವಳ ಹೊಟ್ಟೆಯಷ್ಟು ಬಾಯಿಬಡುಕ ಹೊಟ್ಟೆ ಆ ಸೀಮೆಯಲ್ಲೇ ಇರಲಿಲ್ಲ. ಊರ ಹಿರಿಯರು ಕಟ್ಟೆಯ ಮೇಲೆ ನ್ಯಾಯ ಹೇಳುತ್ತಿದ್ದರೆ ಅದು ನಡುವೆ ಬಾಯಿ ಹಾಕುತ್ತಿತ್ತು. ಅವಳು ಹೊಟ್ಟೆಗೆ ಒಂದು ಏಟು ಕೊಟ್ಟು, "ಸುಮ್ನಿರ್ರೋ, ದೊಡ್ಡೋರು ಮಾತಾಡ್ತಿದ್ದಾರೆ" ಎನ್ನುತ್ತಿದ್ದಳು. ಹಿರಿಯರು, "ಬಿಡಜ್ಜಿ, ನಿನ್ನ ಒಕ್ಕಲು ಹೇಳಿದ್ದೇ ಸರಿಯಾಗಿದೆ" ಎನ್ನುತ್ತಿದ್ದರು. ಅವಳಿಗೆ ಒಳಗೊಳಗೇ ಹೆಮ್ಮೆ.

ಆ ಊರಿನಲ್ಲಿ ಇನ್ನೊಂದು ಪದ್ಧತಿಯಿತ್ತು. ತಲೆಯ ಕೊನೆಯ ಕರಿಕೂದಲು ಬೆಳ್ಳಗಾದ ದಿನ ಆ ಹಿರಿಯರನ್ನು ಡೋಲಿಯಲ್ಲಿ ಕೂರಿಸಿ, ಹೂ ಎರಚಿ, ದಿಬ್ಬದ ಮೇಲಿನ ಬಿಳಿಮನೆಗೆ ಕರೆದೊಯ್ಯುತ್ತಿದ್ದರು. ಅದು ಮರ್ಯಾದೆ. ಬದುಕಿಡೀ ದುಡಿದವರು ಇನ್ನು ಅಗಿಯಬಾರದು, ಬಾಗಬಾರದು, ಧೂಳು ಮುಟ್ಟಬಾರದು. ಬಿಳಿ ಗೋಡೆ, ಬಿಳಿ ಹಾಸಿಗೆ, ಕಾಯಿಸಿ ಆರಿಸಿದ ನೀರು, ಬಿಳಿ ಅಕ್ಕಿಯ ಗಂಜಿ. ಅಕ್ಕಿಯ ತೌಡು, ಕಾಳಿನ ಸಿಪ್ಪೆ, ತರಕಾರಿಯ ನಾರು ಯಾವುದೂ ಉಳಿಯದಂತೆ ಗಂಜಿಯನ್ನೂ ಬಟ್ಟೆಯಲ್ಲಿ ಸೋಸಿ, ಸೋಸಿದ್ದನ್ನು ಮತ್ತೆ ಸೋಸಿ, ಕೊನೆಗೆ ಬಟ್ಟಲಲ್ಲಿ ಏನಿದೆ ಎಂದು ಹುಡುಕಬೇಕು. ನೋಡಲು ಬಂದವರು ದಿಬ್ಬದ ಕೆಳಗೆ ನಿಂತು ಕೈ ಮುಗಿದು ಹೋಗಬೇಕು. ಮಕ್ಕಳು ಹತ್ತಿರ ಸುಳಿಯುವಂತಿಲ್ಲ. ಪ್ರೀತಿಗೆ ಕಣ್ಣಿಲ್ಲ ಎನ್ನುತ್ತಾರೆ. ಆ ಊರಿನ ಪ್ರೀತಿಗೆ ಹಲ್ಲೂ ಇರಲಿಲ್ಲ.

ಬಿಳಿಮನೆಯ ಹೊಣೆ ಸೋಸುವವನದು. ಎಳೆಯ ವಯಸ್ಸಿನವನು, ಬಂಗಾರದಂಥ ಮನಸ್ಸು. ಚಿಕ್ಕಂದಿನಲ್ಲಿ ಅವನ ತಾತನಿಗೆ ಅವರೆಕಾಳಿನ ಸಿಪ್ಪೆ ಗಂಟಲಿಗೆ ಸಿಕ್ಕಿ, ಇವನ ಕಣ್ಣೆದುರೇ ಪ್ರಾಣ ಹೋಗಿತ್ತು. ಅಂದೇ ಅವನು ಬಟ್ಟೆ ಹಿಡಿದವನು. ದಿನವೂ ಬಟ್ಟಲನ್ನು ಬಾಗಿಲಲ್ಲಿಟ್ಟು ಹಿಂದೆ ಸರಿದು ನಿಂತು ಕೇಳುತ್ತಿದ್ದ: "ನುಣ್ಣಗಿದೆಯಾ ಅಜ್ಜೀ?"

"ನುಣ್ಣಗಿದೆಯಪ್ಪ."

"ಏನೂ ಸಿಗಲಿಲ್ಲ ತಾನೇ ಬಾಯಿಗೆ?"

"ಏನೇನೂ ಸಿಗಲಿಲ್ಲಪ್ಪ," ಎನ್ನುತ್ತಿದ್ದಳು ಬೆರಳಜ್ಜಿ. ಅವನ ಮುಖ ಅರಳುತ್ತಿತ್ತು.

ಮೊದಮೊದಲು ಅವಳಿಗೆ ಸುಖವೇ ಆಯಿತು. ಯಾರಿಗೆ ಬೇಡ ಕೂತು ಉಣ್ಣುವ ಸುಖ? ಆಮೇಲೆ ನಿದ್ದೆ ಜಾಸ್ತಿಯಾಯಿತು, ಒಕ್ಕಲು ದನಿ ತೆಗೆಯುವ ಹೊತ್ತಿಗೆ ಅವಳು ಆಗಲೇ ಮಲಗಿರುತ್ತಿದ್ದಳು. ಎದ್ದರೆ ಕಾಲು ನಡುಗುತ್ತಿತ್ತು. ಪಕ್ಕದ ಹಾಸಿಗೆಯ ಕೋಲಿನ ತಾತ ಬೆಳಗ್ಗೆ ಒಂದು ಕಥೆ ಶುರು ಮಾಡಿದರೆ, ರಾಜ ಕುದುರೆ ಹತ್ತುವ ಮೊದಲೇ ಗೊರಕೆ ಹೊಡೆಯುತ್ತಿದ್ದ. ಎಷ್ಟೋ ಕಾಲದಿಂದ ಆ ರಾಜ ಒಂದು ಕಾಲು ರಿಕಾಪಿನಲ್ಲಿಟ್ಟು ಹಾಗೇ ನಿಂತಿದ್ದ. "ವಯಸ್ಸಾಯಿತಲ್ಲ, ಎಲ್ಲರಿಗೂ ಹೀಗೇ" ಎನ್ನುತ್ತಿದ್ದರು ಅಲ್ಲಿದ್ದವರೆಲ್ಲ. ಬೆರಳಜ್ಜಿಯೂ ಹಾಗೇ ಅಂದುಕೊಂಡಳು.

ಒಂದು ದಿನ ದಿಬ್ಬದ ಕೆಳಗಿನಿಂದ ಮೊಮ್ಮಗಳು ಕೂಗಿದಳು. ಅವಳು ಹೆತ್ತ ತಾಯಿಯನ್ನು ಹುಟ್ಟಿದೊಡನೆ ಕಳಕೊಂಡವಳು, ಅಜ್ಜಿಯ ಮಡಿಲಲ್ಲೇ ಬೆಳೆದವಳು. ಈಗ ತುಂಬಿದ ಬಸುರಿ.

"ಅಜ್ಜೀ! ಈ ಅಮಾವಾಸ್ಯೆ ಸುಮಾರಿಗೆ ಅಂತೆ! ನೀನೇ ಬಂದು ಬೆರಳಿಡಬೇಕು. ಬೇರೆ ಯಾರೂ ನನಗೆ ಬೇಡ!"

"ಬರ್ತೀನಿ ಕಣೇ! ನಾನಲ್ಲದೆ ಇನ್ಯಾರು ಬರ್ತಾರೆ?" ಎಂದು ಅಜ್ಜಿಯೂ ಕೂಗಿದಳು. ಕೂಗಿದ್ದಕ್ಕೆ ದಮ್ಮು ಕಟ್ಟಿತು. ಆದರೆ ಖುಷಿಯಲ್ಲಿ ಅದು ಅವಳ ಲೆಕ್ಕಕ್ಕೇ ಬರಲಿಲ್ಲ.

ಕಟ್ಟಳೆಯ ಪ್ರಕಾರ ಕಿವಿಯಮ್ಮ ದಿಬ್ಬ ಹತ್ತಿ ಬಂದಳು, ಅವಳೊಬ್ಬಳಿಗೆ ಆ ತಡೆ ಇರಲಿಲ್ಲ. ಹೊಟ್ಟೆಗೆ ಕಿವಿಯಿಟ್ಟು ಒಕ್ಕಲು ಮಾತಾಡುತ್ತಿದೆಯೇ ಎಂದು ಹೇಳುವುದು ಅವಳ ಕೆಲಸ. ಊರಿಗೆಲ್ಲ ಅವಳು ಕಿವಿಯಮ್ಮ, ಬೆರಳಜ್ಜಿಗೆ ಮಾತ್ರ ನಾದಿನಿ, ಗಂಡನ ತಂಗಿ. ಒಂದೇ ಮನೆಯಲ್ಲಿ ಜಗಳವಾಡಿ, ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಸಲಿಗೆ.

"ಏನತ್ತಿಗೆ, ಬೆಣ್ಣೆ ಉಂಡೆ ಥರ ಆಗಿಬಿಟ್ಟಿದ್ದೀಯ! ಮುಟ್ಟಿದರೆ ಕರಗಿ ಹೋಗ್ತೀಯೋ ಏನೋ."

"ಹೊಟ್ಟೆಕಿಚ್ಚು ಕಣೇ ನಿನಗೆ. ಇಡು, ಕಿವಿ ಇಡು. ಜೋಪಾನ, ನನ್ನ ಒಕ್ಕಲಿನ ಗಲಾಟೆಗೆ ಕಿವುಡಿಯಾಗಿಬಿಟ್ಟೀಯ."

ನಾದಿನಿ ಕಿವಿಯಿಟ್ಟಳು. ಎಡಕ್ಕಿಟ್ಟಳು, ಬಲಕ್ಕಿಟ್ಟಳು, ಹೊಕ್ಕುಳ ಮೇಲಿಟ್ಟಳು, ಹೊಕ್ಕುಳ ಕೆಳಗಿಟ್ಟಳು. ಎರಡು ಬೆರಳಿನಿಂದ ಬಾಗಿಲು ಬಡಿದ ಹಾಗೆ ಮೆಲ್ಲಗೆ ಬಡಿದಳು. ಅವಳ ಮುಖದ ನಗು ಇಳಿಯಿತು.

"ಆಟ ಆಡಬೇಡ ಕಣೇ."

"ಅತ್ತಿಗೆ, ಒಳಗೆ ಯಾರೂ ಇಲ್ಲ."

"ಮಲಗಿರ್ತಾರೆ. ಉಂಡ ಹೊತ್ತು ನೋಡು."

"ಮಲಗಿದ ಮನೆ ಸದ್ದೇ ಬೇರೆ, ಬಿಟ್ಟ ಮನೆ ಸದ್ದೇ ಬೇರೆ. ನನಗೆ ಗೊತ್ತಿಲ್ವಾ? ಖಾಲಿ ಅತ್ತಿಗೆ. ಮೂಲೇಲಿ ಯಾರೋ ಒಬ್ಬರೋ ಇಬ್ಬರೋ ಕೆಮ್ಮಿದ ಹಾಗೆ ಆಯ್ತು. ಅಷ್ಟೇ."

ಬೆರಳಜ್ಜಿ ಎರಡೂ ಕೈಗಳಿಂದ ಹೊಟ್ಟೆ ಹಿಡಿದುಕೊಂಡಳು. ಗಂಡ ಸತ್ತ ದಿನವೂ ಅವಳಿಗೆ ಅಷ್ಟು ಒಂಟಿಯೆನಿಸಿರಲಿಲ್ಲ. ಅವತ್ತು ಹೊಟ್ಟೆಯಾದರೂ ಜೊತೆಯಲ್ಲಿ ಅತ್ತಿತ್ತು.

"ಒಂದೇ ಒಂದು ಸುಳ್ಳು ಹೇಳೇ," ಎಂದಳು. "ನನ್ನ ಮೊಮ್ಮಗಳ ಕೂಸು. ಮಾತಾಡ್ತಿದೆ ಅಂದುಬಿಡು. ಯಾರಿಗೆ ಗೊತ್ತಾಗುತ್ತೆ?"

"ಹೇಳಿಬಿಡ್ತಿದ್ದೆ ಕಣತ್ತಿಗೆ, ನಿನಗೋಸ್ಕರ ಹೇಳದೆ ಇನ್ಯಾರಿಗೋಸ್ಕರ ಹೇಳಲಿ? ಆದರೆ ಪಾಳು ಮನೆಯಿಂದ ಯಾರನ್ನ ಕರಕೊಂಡು ಹೋಗಿ ಆ ಕೂಸಿನ ಮನೆಗೆ ಬಿಡ್ತೀಯ?" ನಾದಿನಿಯ ಕಣ್ಣಲ್ಲೂ ನೀರು. "ನಿನ್ನ ಕೈಲಿ ಆಗದಿದ್ದರೆ ಪಕ್ಕದ ಬೀದಿಯೋರು ಯಾರಾದರೂ ಬೆರಳಿಡ್ತಾರೆ. ಕೂಸಿಗೇನೂ ಆಗಲ್ಲ. ನೀನು ದೂರದಿಂದ ನೋಡಬಹುದು."

ದೂರದಿಂದ. ಆ ಮಾತು ಅವಳಿಗೆ ನಾಟಿತು. ನಾದಿನಿ ದಿಬ್ಬ ಇಳಿದು ಹೋದ ಮೇಲೂ ಅವಳು ಅದನ್ನೇ ಮೆಲುಕು ಹಾಕುತ್ತಾ ಕೂತಳು.

ಮೊದಲು ಅವಳು ಒಕ್ಕಲನ್ನು ಕರೆದು ನೋಡಿದಳು. ಹೊಟ್ಟೆಯ ಮೇಲೆ ಕೈಯಿಟ್ಟು ಹೊಟ್ಟೆಯೊಕ್ಕಲಿನ ಹಾಡನ್ನು ತನಗೆ ತಾನೇ ಹಾಡಿಕೊಂಡಳು. ಬಾ ಒಕ್ಕಲೇ ಬಾ. ಯಾರೂ ಬರಲಿಲ್ಲ. ಆಮೇಲೆ ಇನ್ನೊಂದು ಬಟ್ಟಲು ಗಂಜಿ ಕೇಳಿದಳು. ಸೋಸುವವನು ಖುಷಿಯಿಂದ ಇನ್ನಷ್ಟು ನುಣ್ಣಗೆ ಸೋಸಿ ತಂದ. ಏನೂ ಆಗಲಿಲ್ಲ. ಬೇಜಾರಾಗಿ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋಗಿ ಕೂತಳು. ಯಾರೂ ಹೋಗದ ಹಿತ್ತಲು ಅದು.

ಅಲ್ಲಿ ಕೋಳಿಗಳಿದ್ದವು. ಎಂಥ ಕೋಳಿಗಳು ಅಂತೀರಿ! ಒಂದೊಂದೂ ಗುಂಡುಗುಂಡಗೆ, ಗರಿ ಮಿರಮಿರ ಮಿಂಚುತ್ತಾ, ಬೆಳಗಿನಿಂದ ಸಂಜೆಯವರೆಗೆ ಒಂದಕ್ಕೊಂದು ಬೈದುಕೊಂಡು, ಓಡಾಡಿಕೊಂಡು, ಹುಂಜವಂತೂ ಗೋಡೆಯ ಮೇಲೆ ನಿಂತು ಊರಿಗೇ ಸವಾಲು ಹಾಕುತ್ತಿತ್ತು. ಒಳಗೆ ಮನುಷ್ಯರು ತೂಕಡಿಸುತ್ತಿದ್ದಾರೆ, ಹೊರಗೆ ಕೋಳಿಗಳು ಮದುವೆ ಮನೆಯಂತೆ ಗದ್ದಲ ಮಾಡುತ್ತಿವೆ. ಅಷ್ಟರಲ್ಲಿ ಸೋಸುವವನು ಹೊರಗೆ ಬಂದು ಬಟ್ಟೆ ಕೊಡವಿದ. ಸೋಸಿ ಉಳಿದದ್ದೆಲ್ಲ ಕೆಳಗೆ ಬಿತ್ತು. ತೌಡು, ಸಿಪ್ಪೆ, ನಾರು, ಕಾಳಿನ ಹೊಟ್ಟು. ಕೋಳಿಗಳು ಮುತ್ತಿಕೊಂಡವು.

ಬೆರಳಜ್ಜಿ ಕಣ್ಣು ಮಿಟುಕಿಸದೆ ನೋಡಿದಳು. ಅಕ್ಕಿ ಅವಳಿಗಾಯಿತು. ಸರಿ. ಅವಳು ಉಂಡು ಜೀರ್ಣವಾಗದೆ ಉಳಿಯುತ್ತಿದ್ದ ಒರಟೆಲ್ಲ ಯಾರ ಪಾಲಾಗಿತ್ತು, ದಿಬ್ಬ ಹತ್ತುವ ಮೊದಲು? ಒಳಗಿನವರ ಪಾಲು ಅದು. ಒಕ್ಕಲಿನ ಅನ್ನ.

"ಅಯ್ಯೋ ನನ್ನ ಕರ್ಮವೇ! ನನ್ನ ಒಕ್ಕಲಿನ ಕೂಳನ್ನ ಕೋಳಿ ತಿಂತಾ ಇದೆಯಲ್ಲೋ!" ಎಂದು ಅವಳು ಕೂಗಿದ ಕೂಗಿಗೆ ಹುಂಜ ಗೋಡೆಯಿಂದ ಬಿತ್ತು. ಕೂಗಿ ಅವಳಿಗೇ ನಗು ಬಂತು. ಒಕ್ಕಲು ಮುನಿಸಿಕೊಂಡು ಹೋಗಿದ್ದಲ್ಲ, ಪಾಪ, ಹಸಿದು ಹೋಗಿತ್ತು. ಹಸಿದು ಹೋದವರನ್ನು ಕರೆಯಲು ಹಾಡು ಸಾಲದು, ಒಲೆ ಹಚ್ಚಬೇಕು.

ಮಾರನೆಯ ಬೆಳಗ್ಗೆ ಅವಳು ಕೋಲಿನ ತಾತನ ಕೋಲನ್ನು ಎತ್ತಿಕೊಂಡು, ಅವನು ಗೊರಕೆ ಹೊಡೆಯುತ್ತಿರುವಾಗಲೇ ದಿಬ್ಬ ಇಳಿದಳು. ಬಿಳಿಮನೆಯಿಂದ ಕಾಲ್ನಡಿಗೆಯಲ್ಲಿ ಇಳಿದು ಬಂದವರನ್ನು ಊರು ನೋಡಿರಲೇ ಇಲ್ಲ. ಬೀದಿ ಬೀದಿಯೇ ಬಾಗಿಲಿಗೆ ಬಂತು.

ಮೊದಲ ಬಾಗಿಲು ಮಡಕೆ ಮಾಡುವವಳದು. ಅವಳು ಕೈಯೆಲ್ಲ ಮಣ್ಣು ಮಾಡಿಕೊಂಡು, ಮಜ್ಜಿಗೆ ಕಲಸಿದ ತಂಗಳನ್ನವನ್ನು ಈರುಳ್ಳಿ ಕಚ್ಚಿಕೊಂಡು ಉಣ್ಣುತ್ತಿದ್ದಳು.

"ನಿಮ್ಮನೆ ಒಕ್ಕಲಲ್ಲಿ ನಾಲ್ಕು ಜನರನ್ನ ಕೊಡೇ," ಎಂದಳು ಬೆರಳಜ್ಜಿ, ಹೊಸ್ತಿಲ ಮೇಲೆ ಕೂತು.

"ಅಯ್ಯೋ ಅಜ್ಜೀ, ತಂಗಳು! ನೀವು ಮುಟ್ಟಬಾರದು. ನನ್ನ ಕೈ ನೋಡಿ, ಬರೀ ಮಣ್ಣು."

"ಕೈ ಕೆಸರಾದರೆ ಬಾಯಿ ಮೊಸರು ಅಂತ ನಾನೇ ನಿಮ್ಮಮ್ಮನಿಗೆ ಹೇಳಿಕೊಟ್ಟೆ. ಕೈ ತೊಳಕೊಂಡು ಬಂದು ಒಂದು ತುತ್ತು ಕೊಡು. ನೀನು ಹುಟ್ಟಿದಾಗ ನಿನ್ನ ಹೊಟ್ಟೆಗೆ ಜನ ಕಳಿಸಿದ್ದು ನಾನು ತಾನೇ? ಅವರಲ್ಲೇ ನಾಲ್ಕು ಜನ ತವರಿಗೆ ಬರಲಿ."

ಮಡಕೆಯವಳು ನಕ್ಕಳು. "ಅವರೆಲ್ಲಿ ಉಳಿದಿದ್ದಾರಜ್ಜಿ? ನನ್ನ ಅನ್ನ ಉಂಡು, ನನ್ನ ಮಣ್ಣಲ್ಲಿ ಬೆರೆತು, ಬೇರೆಯೇ ಬಳಗ ಆಗಿಬಿಟ್ಟಿದೆ. ಇವರನ್ನು ನೀವು ಗುರುತೂ ಹಿಡಿಯಲ್ಲ." ಅಂದವಳು ಕೈ ತೊಳೆದು ಬಂದು, ಒಂದು ತುತ್ತು ಮಾಡಿ ಅಜ್ಜಿಯ ಬಾಯಿಗಿಟ್ಟಳು. ಹುಳಿ ನಾಲಿಗೆಗೆ ತಾಗಿದ್ದೇ ಬೆರಳಜ್ಜಿಯ ಕಣ್ಣಲ್ಲಿ ನೀರು ಬಂತು. ಅದು ಹುಳಿಯ ನೀರೋ ದುಃಖದ ನೀರೋ, ಎರಡೂ ಅನ್ನಿ.

ಎರಡನೆಯ ಬಾಗಿಲು ನೇಯುವವನದು. ಅಲ್ಲಿ ಹುರುಳಿ ಬೇಯುತ್ತಿತ್ತು. "ನಿಮ್ಮನೆ ಒಕ್ಕಲಲ್ಲಿ ನಾಲ್ಕು ಜನರನ್ನ ಕೊಡ್ರೋ." ಕೊಟ್ಟರು. ಆಸೆ ತಡೆಯಲಿಲ್ಲ, ಇನ್ನೊಂದು ಬಟ್ಟಲು ಕೇಳಿದಳು. ಅದೂ ಆಯಿತು. ಮೂರನೆಯ ಬಾಗಿಲಲ್ಲಿ ಬಾಳೆದಿಂಡಿನ ಪಲ್ಯ, ನಾಲ್ಕನೆಯದರಲ್ಲಿ ಹಸಿ ಮೂಲಂಗಿ. ಊರಿನವರಿಗೂ ಹುಮ್ಮಸ್ಸು ಬಂದು, "ನಮ್ಮನೇಲೂ ತಗೊಳ್ಳಿ ಅಜ್ಜಿ, ನಮ್ಮನೇಲೂ" ಎಂದು ಎಳೆದಾಡಿದರು. ಸಂಜೆಗೆ ಹೊಟ್ಟೆಯೊಳಗೆ ಗುಡುಡು ಎಂದು ದೊಡ್ಡ ಸದ್ದಾಯಿತು.

"ಮಾತಾಡಿತು! ಅಜ್ಜಿ ಹೊಟ್ಟೆ ಮಾತಾಡಿತು!" ಬೀದಿಯವರು ಕುಣಿದಾಡಿದರು. ಕಿವಿಯಮ್ಮನನ್ನು ಓಡಿಸಿಕೊಂಡು ಬಂದರು. ಅವಳು ಕಿವಿಯಿಟ್ಟು, ತಟ್ಟನೆ ಮುಖ ಹಿಂದಕ್ಕೆ ಎಳೆದುಕೊಂಡಳು.

"ಒಕ್ಕಲಲ್ಲ ಕಣ್ರೋ, ವಾಯು! ಎಲ್ಲ ದೂರ ನಿಂತ್ಕೊಳ್ಳಿ!"

ದೂರ ನಿಂತರು. ನಿಂತದ್ದು ಒಳ್ಳೆಯದೇ ಆಯಿತು. ಬೆರಳಜ್ಜಿ ರಾತ್ರಿಯೆಲ್ಲ ಮೊಮ್ಮಗಳ ಮನೆಯ ಜಗುಲಿಯಲ್ಲಿ ಹೊಟ್ಟೆ ಹಿಡಿದುಕೊಂಡು ನರಳಿದಳು. ಬೆಳಗ್ಗೆ ನಾದಿನಿ ಜೀರಿಗೆ ಕಷಾಯ ತಂದು ಕುಡಿಸುತ್ತಾ ಬೈದಳು.

"ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ, ನಿನಗೆ ಅದೂ ಇಲ್ಲ ಅತ್ತಿಗೆ. ಜನ ಬಿಟ್ಟ ಮನೇಲಿ ಮೊದಲ ದಿನವೇ ಮದುವೆ ಊಟ ಹಾಕಿದರೆ ಉಣ್ಣೋರು ಯಾರು? ಮೊದಲು ನಾಲ್ಕು ಜನ ಬಂದು ಕಸ ಗುಡಿಸಲಿ. ಆಮೇಲೆ ಎಂಟು ಜನ. ಒಂದು ತುತ್ತು, ಒಂದು ಬಾಗಿಲು, ಒಂದು ದಿನ."

"ಅಷ್ಟು ನಿಧಾನ ಮಾಡಿದರೆ ಅಮಾವಾಸ್ಯೆ ಬಂದುಬಿಡುತ್ತೆ ಕಣೇ."

"ಬರಲಿ. ಅದು ಬರೋ ಹೊತ್ತಿಗೇ ಬರುತ್ತೆ."

ಅವತ್ತೇ ಸೋಸುವವನು ಡೋಲಿ ತೆಗೆದುಕೊಂಡು ಬಂದ. ಜಗುಲಿಯ ಮೇಲೆ ಬಿಳಿಚಿಕೊಂಡು ಕೂತಿದ್ದ ಅಜ್ಜಿಯನ್ನು ನೋಡಿ ಹತ್ತಿರ ಓಡಿ ಬಂದ.

"ನೋಡಿದಿರಾ ಅಜ್ಜೀ? ಒಂದೇ ದಿನಕ್ಕೆ ಹೀಗಾದಿರಿ. ಎದ್ದೇಳಿ, ಹೋಗೋಣ. ನಿಮಗೇನಾದರೂ ಆದರೆ ನಾನು ತಡಕೊಳ್ಳಲ್ಲ."

ಬೆರಳಜ್ಜಿ ಅವನ ಸೊಂಟದ ಕಡೆ ನೋಡಿದಳು. ಅಲ್ಲಿ ಒಂದು ಬುತ್ತಿ ಕಟ್ಟಿಕೊಂಡಿದ್ದ.

"ಅದರಲ್ಲಿ ಏನಿದೆಯೋ?"

"ನನ್ನ ಊಟ ಅಜ್ಜಿ."

"ಅದೇ, ಏನು ಊಟ?"

ಅವನು ತಲೆ ತಗ್ಗಿಸಿದ. "ರಾಗಿ ಮುದ್ದೆ. ಸೊಪ್ಪಿನ ಬಸ್ಸಾರು."

"ಕೇಳಿದಿರೇನ್ರೋ!" ಎಂದು ಅಜ್ಜಿ ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಇವನು ಮುದ್ದೆ ನುಂಗಿ ಗೂಳಿ ಹಾಗೆ ಇರಬೇಕಂತೆ, ನಾವು ಬಟ್ಟೆ ಹಿಂಡಿದ ನೀರು ಕುಡಕೊಂಡು ತೂಕಡಿಸಬೇಕಂತೆ!"

ಎಲ್ಲರೂ ಗೊಳ್ಳೆಂದು ನಕ್ಕರು. ಸೋಸುವವನು ನಗಲಿಲ್ಲ. "ನಮ್ಮ ತಾತ ನನ್ನನ್ನೇ ನೋಡ್ತಾ ಹೋದರಜ್ಜಿ," ಎಂದ. "ಒಂದು ಸಿಪ್ಪೆ. ಇಷ್ಟೇ ಇಷ್ಟು."

ಬೆರಳಜ್ಜಿ ಅವನ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಎಷ್ಟೋ ವರ್ಷ ಅವಳಿಗೆ ಉಣಬಡಿಸಿದವನು ಅವಳನ್ನು ಮುಟ್ಟಿದ್ದು ಅದೇ ಮೊದಲು.

"ನಿಮ್ಮ ತಾತ ಸಿಪ್ಪೆಯಿಂದ ಹೋದ. ನಾವು ಸಿಪ್ಪೆಯಿಲ್ಲದೆ ಹೋಗ್ತಾ ಇದ್ದೀವಿ ಕಣೋ ಮಗ. ನಿನ್ನ ಪ್ರೀತಿಯಲ್ಲಿ ತಪ್ಪಿಲ್ಲ. ಹಣ್ಣಾಗುವಷ್ಟು ಬೇಯಿಸು, ಬೇಕಾದರೆ ಚೆನ್ನಾಗಿ ಹಿಸುಕು, ಪಕ್ಕದಲ್ಲಿ ಕೂತು ನೋಡಿಕೋ. ಸೋಸಬೇಡ ಅಷ್ಟೇ. ಈಗ ಆ ಬುತ್ತಿ ಬಿಚ್ಚು. ನನಗೊಂದು ತುತ್ತು ಕೊಡು."

ಅವನು ಬುತ್ತಿ ಬಿಚ್ಚಿದ. ಮುದ್ದೆಯಲ್ಲಿ ಕಡಲೆಕಾಳಿನಷ್ಟು ಮುರಿದ. ಸಾರಿನಲ್ಲಿ ಹೊರಳಿಸಿದ. ಅವಳ ನಾಲಿಗೆಯ ಮೇಲಿಟ್ಟು, ಗಂಟಲನ್ನೇ ನೋಡುತ್ತಾ ಉಸಿರು ಬಿಗಿ ಹಿಡಿದು ಕೂತ. ಇಳಿಯಿತು. ಇನ್ನೊಂದು ಮುರಿದ. ಅದೂ ಇಳಿಯಿತು. ಐದಾರು ತುತ್ತು ಇಳಿಯುವ ಹೊತ್ತಿಗೆ ಅವನು ಅಳುತ್ತಿದ್ದ, ಅವಳು ನಗುತ್ತಿದ್ದಳು.

ಅಂದಿನಿಂದ ಅವಳ ದಿನಚರಿ ಬೇರೆಯಾಯಿತು. ದಿನಕ್ಕೊಂದು ಬಾಗಿಲು, ಬಾಗಿಲಿಗೊಂದು ತುತ್ತು. "ನಿಮ್ಮನೆ ಒಕ್ಕಲಲ್ಲಿ ನಾಲ್ಕು ಜನರನ್ನ ಕೊಡ್ರೋ." ಒಂದು ಕಡೆ ನವಣೆ ಅನ್ನ, ಒಂದು ಕಡೆ ಹುಳಿ ಬಂದ ಹಿಟ್ಟಿನ ದೋಸೆ, ಒಂದು ಕಡೆ ನುಗ್ಗೆಸೊಪ್ಪು. ಮಕ್ಕಳು ಸೀಬೆಹಣ್ಣನ್ನು ಕಚ್ಚಿ ಅಂಟು ಕೈಯಲ್ಲೇ ಅವಳ ಬಾಯಿಗಿಡುತ್ತಿದ್ದವು. ಕರು ಅವಳ ಅಂಗೈ ನೆಕ್ಕುತ್ತಿತ್ತು. ಅವಳು ನಡೆಯುತ್ತಿದ್ದಳು, ಕೂರುತ್ತಿದ್ದಳು, ಸೊಪ್ಪು ಬಿಡಿಸುತ್ತಾ ಹರಟುತ್ತಿದ್ದಳು, ಮತ್ತೆ ನಡೆಯುತ್ತಿದ್ದಳು. ದಿಬ್ಬದ ಮೇಲೆ ಸೋಸುವವನು ಹಿಸುಕಿದ ಕಾಳಿನ ಹುಳಿ ಮಾಡುತ್ತಿದ್ದಾನೆ, ಕೋಲಿನ ತಾತನ ರಾಜ ಕೊನೆಗೂ ಕುದುರೆ ಹತ್ತಿದ್ದಾನೆ ಎಂದು ಸುದ್ದಿ ಬಂತು.

ಆದರೆ ಪ್ರತಿ ಸಂಜೆ ನಾದಿನಿ ಕಿವಿಯಿಟ್ಟು ತಲೆಯಾಡಿಸುತ್ತಿದ್ದಳು. "ಇನ್ನೂ ಇಲ್ಲ ಅತ್ತಿಗೆ." ಬೆರಳಜ್ಜಿಯ ಕಾಲು ಗಟ್ಟಿಯಾಗಿತ್ತು, ನಿದ್ದೆ ಹದವಾಗಿತ್ತು, ಹೊಟ್ಟೆ ಮಾತ್ರ ಮೌನ. ಚಂದ್ರ ಸಣ್ಣಗಾಗುತ್ತಾ ಬಂದ. ಅವಳಿಗೆ ಭಯವಾಯಿತು. ಯಾರಿಗೂ ಹೇಳಲಿಲ್ಲ, ಮೊಮ್ಮಗಳ ಬೆನ್ನು ನೀವುತ್ತಾ ಕೂತಳು.

ಒಂದು ಬೆಳಗ್ಗೆ, ಬಿಸಿಲು ಆಗಷ್ಟೇ ಅಂಗಳಕ್ಕೆ ಇಳಿಯುವಾಗ ಮೊಮ್ಮಗಳಿಗೆ ನೋವು ಬಂತು. ಹೊತ್ತು ನೆತ್ತಿಗೇರುವ ಮೊದಲೇ ಹೆಣ್ಣು ಕೂಸು ಹುಟ್ಟಿತು. ಊರೆಲ್ಲ ಅಂಗಳದಲ್ಲಿ ಸೇರಿತು. ಮಜ್ಜಿಗೆ ಬಟ್ಟಲು ಬಂತು. ಕಿವಿಯಮ್ಮ ಬಂದು ಅತ್ತಿಗೆಯ ಮುಂದೆ ಮಂಡಿಯೂರಿದಳು.

ಎಲ್ಲರೂ ತಮ್ಮ ತಮ್ಮ ಹೊಟ್ಟೆ ಒತ್ತಿ ಹಿಡಿದುಕೊಂಡರು, ಸದ್ದಾಗದಿರಲಿ ಎಂದು. ಯಾರದೋ ಒಂದು ಹೊಟ್ಟೆ ಕುಯ್ ಎಂದದ್ದಕ್ಕೆ ಉಳಿದವರೆಲ್ಲ ಅವನನ್ನು ದುರುಗುಟ್ಟಿ ನೋಡಿದರು.

ನಾದಿನಿ ಎಡಕ್ಕೆ ಕಿವಿಯಿಟ್ಟಳು. ಬಲಕ್ಕಿಟ್ಟಳು. ಹೊಕ್ಕುಳ ಮೇಲಿಟ್ಟಳು. ಅಲ್ಲೇ ಕಿವಿ ನಿಂತಿತು. ಬಹಳ ಹೊತ್ತು ತೆಗೆಯಲಿಲ್ಲ.

"ಇದ್ದಾರೆ," ಎಂದಳು.

ಅಂಗಳ ಹೋ ಎಂದು ಕೂಗಿತು. ಅವಳು ಕೈಯೆತ್ತಿ ತಡೆದಳು. "ಇದ್ದಾರೆ ಅತ್ತಿಗೆ. ಆದರೆ ನಾನು ಸುಳ್ಳು ಹೇಳಲ್ಲ. ಇದು ನಿನ್ನ ದನಿ ಅಲ್ಲ. ನಿನ್ನ ಹಳೇ ಬಳಗದ ದನಿ ನನಗೆ ಗೊತ್ತು, ನಾನು ಅದನ್ನ ಕೇಳ್ಕೊಂಡೇ ಬೆಳೆದೋಳು. ಇಲ್ಲಿ ಮಡಕೆಯವಳ ಮನೆಯೋರಿದ್ದಾರೆ, ನೇಯೋನ ಮನೆಯೋರಿದ್ದಾರೆ, ಮುದ್ದೆ ಉಂಡವರಿದ್ದಾರೆ, ಕರುವಿನ ಕೊಟ್ಟಿಗೆಯೋರೂ ಇದ್ದಾರೆ. ಊರೆಲ್ಲ ಇದೆ. ನಿನ್ನೋರು ಒಬ್ಬರೂ ಕೇಳಿಸ್ತಿಲ್ಲ."

ಬೆರಳಜ್ಜಿ ಮಜ್ಜಿಗೆಯಲ್ಲಿ ಅದ್ದಲು ಎತ್ತಿದ್ದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು. ಅವಳ ಅಮ್ಮ ಕೊಟ್ಟದ್ದು, ಅಮ್ಮನಿಗೆ ಅವಳ ಅಜ್ಜಿ ಕೊಟ್ಟದ್ದು, ಅದನ್ನೇ ಈ ಕೂಸಿಗೆ ದಾಟಿಸಬೇಕು ಎಂದು ತಾನೇ ಅವಳು ಕೋಲೂರಿಕೊಂಡು ದಿಬ್ಬ ಇಳಿದದ್ದು? ಆ ಹಳೇ ಬಳಗದವರೆಲ್ಲ ಬಿಳಿಮನೆಯ ಗಂಜಿಯಲ್ಲೇ ಹಸಿದು ಹೋಗಿದ್ದರು. ಇನ್ನು ಬರುವುದಿಲ್ಲ. ಅಷ್ಟು ಜನರ ನಡುವೆ ಕೂತು ಅವಳು ಅವರಿಗಾಗಿ ಅತ್ತಳು.

"ಹಾಗಾದರೆ ನಾನು ಅಂತ ಏನು ಕೊಟ್ಟ ಹಾಗಾಯ್ತು ಇದಕ್ಕೆ?" ಎಂದಳು ಕೊನೆಗೆ. "ಮಡಕೆಯವಳೇ ಬಂದು ಇಡಲಿ."

ಒಳಗಿನ ಕೋಣೆಯಿಂದ ಮೊಮ್ಮಗಳ ದನಿ ಬಂತು. ಸುಸ್ತಾದ ದನಿ, ಆದರೆ ಅದರಲ್ಲಿ ಸಿಟ್ಟೂ ಇತ್ತು.

"ಅಜ್ಜೀ, ಬೆರಳು ನಿಂದೇ ತಾನೇ?"

ಬೆರಳಜ್ಜಿ ತನ್ನ ಬೆರಳನ್ನು ನೋಡಿಕೊಂಡಳು. ಹೌದು, ಅವಳದೇ. ಸೆರಗಿನಿಂದ ಮೂಗು ಒರೆಸಿಕೊಂಡು, ಕೈ ತೊಳೆದುಕೊಂಡು ಎದ್ದು ಒಳಗೆ ಹೋದಳು. ಮಜ್ಜಿಗೆಯನ್ನು ಒಂದು ಗುಟುಕು ಕುಡಿದಳು. ಉಳಿದದ್ದರಲ್ಲಿ ಬೆರಳದ್ದಿದಳು. ಕೂಸು ಬಾಯಿ ತೆರೆದಿತ್ತು, ಕೊಟ್ಟ ತಕ್ಷಣ ಬೆರಳನ್ನು ಕಚ್ಚಿ ಹಿಡಿದು ಚೀಪಿತು. ಅವಳು ಹಾಡಿದಳು. ಬಾ ಒಕ್ಕಲೇ ಬಾ, ಹೊಸ ಮನೆ ಇದೆ ಬಾ. ಅಂಗಳದಲ್ಲಿದ್ದವರೆಲ್ಲ ದನಿಗೂಡಿಸಿದರು. ಕೂಸಿನ ಹೊಟ್ಟೆಗೆ ಹೋಗುತ್ತಿದ್ದವರು ಅವರವರ ಮನೆಯವರೇ ಆದ್ದರಿಂದ, ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ ಕೆಲವರು ಕಣ್ಣೊರೆಸಿಕೊಂಡರು. ಬಾಗಿಲಲ್ಲಿ ನಿಂತಿದ್ದ ಸೋಸುವವನು ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಅಪಸ್ವರವಾಗಿ ಹಾಡುತ್ತಿದ್ದ.

ಹಾಡು ಮುಗಿಯಿತು. ಕಿವಿಯಮ್ಮ ಬಾಗಿ, ಕೂಸಿನ ಅಂಗೈಯಗಲದ ಹೊಟ್ಟೆಯ ಮೇಲೆ ಕಿವಿಯಿಟ್ಟಳು. ಕಣ್ಣು ಮುಚ್ಚಿದಳು. ಒಂದು ಗಳಿಗೆ, ಎರಡು ಗಳಿಗೆ. ಅವಳ ಮುಖದಲ್ಲಿ ಏನೋ ಆಗುತ್ತಿತ್ತು, ಏನೆಂದು ಯಾರಿಗೂ ತಿಳಿಯಲಿಲ್ಲ.

ಬೆರಳಜ್ಜಿಗೆ ತಡೆಯಲಾಗಲಿಲ್ಲ. "ಯಾರಿದ್ದಾರೇ? ಏನಂತಿದ್ದಾರೇ? ಬಾಯಿ ಬಿಡೇ!"

ನಾದಿನಿ ತಲೆಯೆತ್ತಿದಳು. ಅವಳಿಗೆ ನಗು ತಡೆಯುತ್ತಿರಲಿಲ್ಲ.

"ಹಸಿವಂತೆ ಅತ್ತಿಗೆ."

"ಅಷ್ಟೇನಾ?"

"ಅಷ್ಟೇ. ಎಲ್ಲರೂ ಸೇರಿಕೊಂಡು ಒಂದೇ ಸಮ ಅದನ್ನೇ ಕೂಗ್ತಿದ್ದಾರೆ."

ಬೆರಳಜ್ಜಿ ಕೂಸನ್ನು ಎತ್ತಿ ಮೊಮ್ಮಗಳ ಎದೆಗಿಟ್ಟು, ಸುತ್ತ ನಿಂತವರ ಮೇಲೆಲ್ಲ ರೇಗಿದಳು. "ಹಸಿವು ಅಂತ ಕೂಗ್ತಿದ್ದರೆ ಎಲ್ಲ ಸೇರಿ ಹಲ್ಲು ಕಿರಿತಾ ನಿಂತಿದ್ದೀರಲ್ರೋ! ಹಾಲು ಕೊಡೇ ಮೊದಲು, ಕೊಡು ಅವರಿಗೆ!"